ಒದ್ದೆ ಟವೆಲು, 34 ಮೆಟ್ಟಿಲು: ರಾಮತ್ ಗಾನಿನ ಒಂದು ಕಟ್ಟಡದ 12 ದಿನ

2025ರ ಜೂನ್ 13, ಶುಕ್ರವಾರ ಬೆಳಗಿನ ಜಾವ 3 ಗಂಟೆಗೆ ಇಸ್ರೇಲಿನ ಉದ್ದಗಲಕ್ಕೂ ಸೈರನ್ ಕೂಗಿತು. ಆ ಗಳಿಗೆಯಲ್ಲಿ ಯಾವ ಕ್ಷಿಪಣಿಯೂ ನಮ್ಮ ಕಡೆ ಬರುತ್ತಿರಲಿಲ್ಲ. ಇಸ್ರೇಲ್ ಇರಾನಿನ ಮೇಲೆ ದಾಳಿ ಶುರು ಮಾಡಿತ್ತು. ಉತ್ತರ ಬಂದೇ ಬರುತ್ತದೆ, ಮಲಗಿದವರು ಎದ್ದು ಕೂತಿರಲಿ ಎಂದು ಕೂಗಿಸಿದ ಸೈರನ್ ಅದು. ನಾನು ದಡಕ್ಕನೆ ಎದ್ದು ಮೊದಲು ಮಾಡಿದ್ದು ಪಕ್ಕದ ಮಂಚದ ಅಜ್ಜಿಯ ಕಾಲಿಗೆ ಚಪ್ಪಲಿ ಹಾಕಿದ್ದು. ಆಮೇಲೆ ಊರಿಗೆ ಒಂದು ಮೆಸೇಜ್ ಕಳಿಸಿದೆ: "ಎಂತದೂ ಇಲ್ಲ ಅಮ್ಮ, ಎಲ್ಲ ಸರಿ ಉಂಟು." ಉಡುಪಿ ಜಿಲ್ಲೆಯ ಶಿರ್ವದ ಹತ್ತಿರದ ನಮ್ಮ ಮನೆಯಲ್ಲಿ ಆಗ ಐದೂವರೆ, ಅಮ್ಮ ಎದ್ದು ಒಲೆ ಹೊತ್ತಿಸುವ ಹೊತ್ತು. ಎಂತದೂ ಇಲ್ಲದಿದ್ದರೆ ಮಗಳು ನಡುರಾತ್ರಿಯಲ್ಲಿ ಯಾಕೆ ಮೆಸೇಜ್ ಹಾಕಿದಳು ಎಂದು ಅವಳಿಗೆ ಅನ್ನಿಸದೆ ಇರುತ್ತದೆಯೇ?

ಯುದ್ಧದ ದಿನಗಳಲ್ಲಿ ಮನೆಯೊಳಗಿನ ಬದುಕನ್ನು ಒಬ್ಬರಿಗೊಬ್ಬರು ಹೇಗೆ ಹೇಳಿಕೊಳ್ಳುತ್ತಾರೆ, ಮುಚ್ಚಿಟ್ಟರೆ ಏನಾಗುತ್ತದೆ, ಹೇಳಿದರೆ ಏನಾಗುತ್ತದೆ ಎಂಬುದನ್ನು ಒಂದು ಕಟ್ಟಡ, ಎಂಟು ಮನೆ, ಹನ್ನೆರಡು ದಿನಗಳ ಮಟ್ಟಿಗೆ ಇಲ್ಲಿ ಬರೆದಿದ್ದೇನೆ. ನಾನು ಆ ಕಟ್ಟಡದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೇರ್‌ಗಿವರ್. ಕಂಡದ್ದು, ಮಾಡಿದ್ದು, ತಪ್ಪಿದ್ದು ಎಲ್ಲವೂ ನನ್ನದೇ. ಅಕ್ಕಪಕ್ಕದವರ ಹೆಸರು ಹಾಕಿಲ್ಲ, ಅವರ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ.

ಕಟ್ಟಡ ಮತ್ತು ಅದರ ಲೆಕ್ಕ

ರಾಮತ್ ಗಾನ್ ಟೆಲ್ ಅವೀವಿಗೆ ಅಂಟಿಕೊಂಡ ಊರು. ವಜ್ರದ ವಿನಿಮಯ ಕೇಂದ್ರ ಇರುವುದು ಇಲ್ಲೇ, ಹಾಗಾಗಿ ಗುಜರಾತಿ ವ್ಯಾಪಾರಿಗಳೂ ಕಾಣಸಿಗುತ್ತಾರೆ. ಅದಕ್ಕಿಂತ ಹೆಚ್ಚಾಗಿ ಇದು ಇರಾಕಿನಿಂದ ಬಂದ ಯಹೂದಿಗಳ ಊರು. 1950–51ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬಾಗ್ದಾದ್, ಬಸ್ರಾ ಕಡೆಯಿಂದ ವಿಮಾನದಲ್ಲಿ ಬಂದಿಳಿದರು. ನಾನು ನೋಡಿಕೊಳ್ಳುವ ಅಜ್ಜಿ ಅವರಲ್ಲಿ ಒಬ್ಬರು. ಬರುವಾಗ 17 ವರ್ಷ, ಈ ಯುದ್ಧದ ಹೊತ್ತಿಗೆ 91. ಹೀಬ್ರೂವಿನಲ್ಲಿ ಅಜ್ಜಿಗೆ ಸಾವ್ತಾ ಅನ್ನುತ್ತಾರೆ, ಕಟ್ಟಡದಲ್ಲಿ ಎಲ್ಲರಿಗೂ ಅವರು ಸಾವ್ತಾ. ನನ್ನನ್ನು ಅವರು ಕರೆಯುವುದು ಅರಬ್ಬಿಯಲ್ಲಿ: "ಬಿನ್ತಿ", ಅಂದರೆ ಮಗಳೇ.

ಇಸ್ರೇಲಿನಲ್ಲಿ ಕ್ಷಿಪಣಿಯಿಂದ ತಪ್ಪಿಸಿಕೊಳ್ಳುವ ಜಾಗ ಮನೆಯ ವಯಸ್ಸಿನ ಮೇಲೆ ನಿಂತಿದೆ. 1991ರ ಕೊಲ್ಲಿ ಯುದ್ಧದ ಅನುಭವದಿಂದ ಪಾಠ ಕಲಿತು, ಆ ನಂತರ ಕಟ್ಟುವ ಪ್ರತಿ ಮನೆಯಲ್ಲೂ ದಪ್ಪ ಕಾಂಕ್ರೀಟ್ ಗೋಡೆ, ಕಬ್ಬಿಣದ ಬಾಗಿಲು, ಕಿಟಕಿಗೆ ಉಕ್ಕಿನ ಮುಚ್ಚಳ ಇರುವ ಒಂದು ಕೋಣೆ ಕಡ್ಡಾಯವಾಯಿತು. ಅದಕ್ಕೆ ಮಮಾದ್ ಅನ್ನುತ್ತಾರೆ. ಬೇರೆ ದಿನಗಳಲ್ಲಿ ಮಕ್ಕಳು ಅದರಲ್ಲೇ ಮಲಗುತ್ತಾರೆ. ಅದಕ್ಕಿಂತ ಹಳೆಯ ಕಟ್ಟಡಗಳಿಗೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಮಿಕ್ಲಾತ್, ನಮ್ಮ ಟಿವಿಯವರು ಬಂಕರ್ ಅನ್ನುವುದು ಇದನ್ನೇ. ಎರಡೂ ಇಲ್ಲದವರು ಮೆಟ್ಟಿಲ ಹತ್ತಿರ, ಕಿಟಕಿಯಿಂದ ದೂರ ಕೂರಬೇಕು.

ನಮ್ಮದು 1960ರ ದಶಕದ ಕಟ್ಟಡ. ಕಂಬಗಳ ಮೇಲೆ ನಿಂತ ನಾಲ್ಕು ಮಹಡಿ, ಲಿಫ್ಟ್ ಇಲ್ಲ, ಮಮಾದ್ ಇಲ್ಲ. ನೆಲದಡಿ ಮಿಕ್ಲಾತ್ ಉಂಟು. ಯುದ್ಧಕ್ಕೆ ಮೊದಲು ಅದರೊಳಗೆ ಆರು ಸೈಕಲ್ಲು, ಒಂದು ಮುರಿದ ಸೋಫಾ, ಯಾರದೋ ಮದುವೆಯ ಗಾಜಿನ ಪಾತ್ರೆಗಳ ಪೆಟ್ಟಿಗೆ ಇದ್ದವು. ಸಾವ್ತಾ ಇರುವುದು ಮೊದಲ ಮಹಡಿಯಲ್ಲಿ. ನಮ್ಮ ಬಾಗಿಲಿಂದ ನೆಲಮಟ್ಟಕ್ಕೆ 18 ಮೆಟ್ಟಿಲು, ಅಲ್ಲಿಂದ ಮಿಕ್ಲಾತಿಗೆ 16.

ಟೆಲ್ ಅವೀವ್ ಸುತ್ತಲಿನವರಿಗೆ ಸೈರನ್ ಕೂಗಿದ ಮೇಲೆ ಸಿಗುವುದು 90 ಸೆಕೆಂಡು. ಗಾಜಾ ಗಡಿಯ ಪಕ್ಕದ ಹಳ್ಳಿಗಳವರಿಗೆ ವರ್ಷಗಳಿಂದ ಸಿಗುತ್ತಾ ಬಂದದ್ದು 15 ಸೆಕೆಂಡು ಮಾತ್ರ. ಸಾವ್ತಾ ವಾಕರ್ ಹಿಡಿದು ನಡೆಯುವವರು. ಸೊಂಟದ ಮೂಳೆ ಒಮ್ಮೆ ಮುರಿದಿದೆ. ಒಂದು ಮಧ್ಯಾಹ್ನ ಎಲ್ಲ ಶಾಂತವಿದ್ದಾಗ ಅವರನ್ನು ಮೆಲ್ಲಗೆ ಇಳಿಸಿ ಫೋನಿನಲ್ಲಿ ಸಮಯ ನೋಡಿದೆ. 34 ಮೆಟ್ಟಿಲಿಗೆ 6 ನಿಮಿಷ 20 ಸೆಕೆಂಡು ಹಿಡಿಯಿತು. ಸಿಗುವ 90 ಸೆಕೆಂಡು, ಬೇಕಾದ 6 ನಿಮಿಷ 20 ಸೆಕೆಂಡು: ಇಡೀ ಪ್ರಕರಣದ ಗಂಟು ಈ ಎರಡು ಸಂಖ್ಯೆಗಳ ನಡುವೆಯೇ ಇದೆ.

ಮೊದಲ ಮೂರು ದಿನ

ಶುಕ್ರವಾರ ರಾತ್ರಿ ಸುಮಾರು 9 ಗಂಟೆಗೆ ನಿಜವಾದ ಕ್ಷಿಪಣಿಗಳು ಬಂದವು. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಶುರುವಾಗಿ ಮೇಜಿನ ಮೇಲೆ ಎರಡು ಮೇಣದ ಬತ್ತಿ ಉರಿಯುತ್ತಿತ್ತು. ಸಾವ್ತಾ ಅವನ್ನು ಆರಿಸಲು ಬಿಡಲಿಲ್ಲ, ಶಬ್ಬಾತಿನ ದೀಪ ಆರಿಸುವಂತಿಲ್ಲ. ನಾನು ಬತ್ತಿಗಳನ್ನು ತಟ್ಟೆ ಸಮೇತ ಸಿಂಕಿನೊಳಗೆ ಇಟ್ಟು, ನಮ್ಮ ಬಾಗಿಲ ಹೊರಗಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅವರನ್ನು ಕೂರಿಸಿದೆ. ಮೇಲಿನವರು ಓಡುತ್ತಾ ಇಳಿದರು. ಒಬ್ಬೊಬ್ಬರೂ ನಮ್ಮನ್ನು ದಾಟುವಾಗ ಒಂದು ಕ್ಷಣ ನಿಂತರು. "ಬನ್ನಿ, ಬನ್ನಿ" ಅಂದರು. ನಾನು ಕೈ ಸನ್ನೆ ಮಾಡಿ ಕಳಿಸಿದೆ. ಮಕ್ಕಳಿರುವವರನ್ನು ನಿಲ್ಲಿಸಿಕೊಳ್ಳುವುದು ಹೇಗೆ?

ಆ ಮೂಲೆಯಲ್ಲಿ ಕೂತಾಗ ಶಬ್ದ ಕಿವಿಗಿಂತ ಮೊದಲು ಗೋಡೆಗೆ ತಾಗಿಸಿದ ಬೆನ್ನಿಗೆ ಗೊತ್ತಾಗುತ್ತಿತ್ತು. ಕ್ಷಿಪಣಿಯನ್ನು ಆಕಾಶದಲ್ಲಿ ಒಡೆಯುವ ಸದ್ದು ಒಂದು ತರಹ, ನೆಲಕ್ಕೆ ಬಿದ್ದದ್ದು ಇನ್ನೊಂದು ತರಹ. ಎರಡನೇ ದಿನಕ್ಕೇ ವ್ಯತ್ಯಾಸ ತಿಳಿಯಿತು. ಆ ಶುಕ್ರವಾರ ರಾತ್ರಿ ರಾಮತ್ ಗಾನಿಗೂ ಬಿತ್ತು. ಭಾನುವಾರದ ಬೆಳಗಿನ ಜಾವ ಟೆಲ್ ಅವೀವ್ ಪಕ್ಕದ ಬತ್ ಯಾಮಿನ ಒಂದು ಕಟ್ಟಡ ಕುಸಿಯಿತು. ಸೋಮವಾರ, ಜೂನ್ 16ರ ನಸುಕಿನಲ್ಲಿ ಪೆತಾಹ್ ತಿಕ್ವಾದ ಕಟ್ಟಡವೊಂದಕ್ಕೆ ನೇರ ಹೊಡೆತ ಬಿತ್ತು, ಅಲ್ಲಿ ಮಮಾದಿನೊಳಗೆ ಇದ್ದವರೂ ಸತ್ತರು. ನಮ್ಮ ಪಕ್ಕದ ಬ್ನೇ ಬ್ರಾಕಿಗೂ ಬಿತ್ತು. ನಮ್ಮ ಅಡುಗೆಮನೆಯ ಕಿಟಕಿ ಚೌಕಟ್ಟಿನಿಂದ ಅಲುಗಿ ಬಂದು ನೇತಾಡಿತು.

ಇಷ್ಟೆಲ್ಲ ನಡೆಯುವಾಗ ನಾನು ಊರಿಗೆ ಕಳಿಸಿದ ಮೆಸೇಜುಗಳನ್ನು ಆಮೇಲೆ ತೆಗೆದು ಎಣಿಸಿದೆ. ಮೂರು ದಿನಕ್ಕೆ ಹನ್ನೊಂದು. ಹನ್ನೊಂದರಲ್ಲೂ "ಎಂತದೂ ಇಲ್ಲ" ಎಂಬ ಎರಡು ಶಬ್ದ ಇದ್ದವು.

ಅಮ್ಮ ಯಾವತ್ತೂ ವಿಡಿಯೋ ಕಾಲ್ ಮಾಡುವುದಿಲ್ಲ. ಕಾರಣ 2021ರ ಮೇ 11. ಆ ದಿನ ಅಷ್ಕೆಲೋನಿನಲ್ಲಿ ಕೇರಳದ ಇಡುಕ್ಕಿಯ ಒಬ್ಬ ಕೇರ್‌ಗಿವರ್ ಗಾಜಾದಿಂದ ಬಂದ ರಾಕೆಟ್ಟಿಗೆ ಬಲಿಯಾದಳು. ಊರಿನಲ್ಲಿದ್ದ ಗಂಡನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತಿದ್ದಾಗಲೇ ಹಾಗಾಯಿತು. ಅವಳು ನೋಡಿಕೊಳ್ಳುತ್ತಿದ್ದ ಅಜ್ಜಿಯ ಮನೆಯಲ್ಲೂ ಮಮಾದ್ ಇರಲಿಲ್ಲ. ಈ ಸುದ್ದಿ ಕರಾವಳಿಯ ಪ್ರತಿ ಕೇರ್‌ಗಿವರ್ ಮನೆಯಲ್ಲೂ ಮಾತಾಯಿತು. ಉಡುಪಿ, ಮಂಗಳೂರು ಕಡೆಯಿಂದ ಇಲ್ಲಿಗೆ ಬಂದವರು ಬಹಳ. ಶನಿವಾರ ಯಾಫೋದ ಸಂತ ಅಂತೋನಿಯವರ ಚರ್ಚಿನ ಅಂಗಳದಲ್ಲಿ ನಿಂತರೆ ಕೊಂಕಣಿ, ತುಳು, ಕನ್ನಡ ಮೂರೂ ಕೇಳುತ್ತದೆ. ಅಂದಿನಿಂದ ಅಮ್ಮನಿಗೆ ಪರದೆಯ ಮೇಲೆ ನನ್ನ ಮುಖ ನೋಡಲು ಧೈರ್ಯ ಇಲ್ಲ.

ಸೋಮವಾರ ಮಧ್ಯಾಹ್ನ ತಮ್ಮ ಫೋನ್ ಮಾಡಿದ. "ಅಕ್ಕಾ, ಅಮ್ಮ ಶುಕ್ರವಾರದಿಂದ ಟಿವಿ ಎದುರು ಬಿಟ್ಟು ಏಳಲಿಲ್ಲ. ನಿನ್ನೆಯಿಂದ ಗಂಜಿ ಸಹ ಮುಟ್ಟಲಿಲ್ಲ. ಡಾಕ್ಟರ್ ಬಿಪಿ ಮಾತ್ರೆ ಹೆಚ್ಚು ಮಾಡಿದ್ದಾರೆ. ನೀನು ಎಂತದೂ ಇಲ್ಲ ಅಂತಿ, ಟಿವಿಯಲ್ಲಿ ಊರಿಗೆ ಊರೇ ಉರಿಯುತ್ತಾ ಉಂಟು. ಅಮ್ಮ ಯಾರನ್ನು ನಂಬಬೇಕು?"

ಅವನು ಕೇಳಿದ್ದು ಸರಿಯಾಗಿತ್ತು. ಟಿವಿಯವರು ಒಂದೇ ಬೆಂಕಿಯನ್ನು ದಿನವಿಡೀ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು, ಹಿಂದೆ ಡೋಲಿನ ಸದ್ದು ಬೇರೆ. ನಾನು ಅದಕ್ಕೆ ಎದುರಾಗಿ ಇಟ್ಟದ್ದು ಎರಡು ಶಬ್ದ. ಮಗಳು ಹೇಳುವುದು ಖಾಲಿಯಾಗಿದ್ದರೆ ಅಮ್ಮ ಅದನ್ನು ಟಿವಿಯ ಬೆಂಕಿಯಿಂದ ತುಂಬಿಸಿಕೊಳ್ಳುತ್ತಾಳೆ. ಮುಚ್ಚಿಟ್ಟರೆ ಅವಳಿಗೆ ಒಳ್ಳೆಯದು ಎಂದು ನಾನು ನಿಜವಾಗಿ ನಂಬಿದ್ದೆ. ಅದು ನನ್ನ ದೊಡ್ಡ ತಪ್ಪು. ನನಗೆ ತಿಳಿದ ಹೆಚ್ಚಿನ ಕೇರ್‌ಗಿವರುಗಳು ಇವತ್ತಿಗೂ ಇದನ್ನೇ ಮಾಡುತ್ತಾರೆ.

ಅಮ್ಮನಿಗೆ ಕಳಿಸಿದ ದನಿ

ಆ ಸಂಜೆಯಿಂದ ಮೆಸೇಜ್ ಬರೆಯುವುದು ನಿಲ್ಲಿಸಿ ದಿನಕ್ಕೆ ಎರಡು ಸಲ ವಾಯ್ಸ್ ಮೆಸೇಜ್ ಕಳಿಸತೊಡಗಿದೆ. ಮೊದಲನೆಯದು ಹೀಗಿತ್ತು:

"ಅಮ್ಮ, ನಿನ್ನೆ ರಾತ್ರಿ ಎರಡು ಸಲ ಸೈರನ್ ಆಯ್ತು. ನಮಗೆ ಒಳಗಿನ ಬಂಕರಿಗೆ ಇಳಿಯಲು ಆಗುವುದಿಲ್ಲ, ಸಾವ್ತಾನಿಗೆ ಮೆಟ್ಟಿಲು ಕಷ್ಟ. ಹಾಗಾಗಿ ಬಾಗಿಲ ಹೊರಗೆ ಮೂಲೆಯಲ್ಲಿ ಕೂರುತ್ತೇವೆ. ಆ ಮೂಲೆಗೆ ಕಿಟಕಿ ಇಲ್ಲ, ಮೇಲೆ ಮೂರು ಮಹಡಿ ಉಂಟು. ಬೆಳಿಗ್ಗೆ ಅಡುಗೆಮನೆಯ ಕಿಟಕಿ ಸಡಿಲ ಆಯ್ತು, ಗಾಜು ಒಡೆಯಲಿಲ್ಲ. ನಾನು ಬೆಳಿಗ್ಗೆ ಮೊಟ್ಟೆ, ಬ್ರೆಡ್ ತಿಂದೆ. ಸಾವ್ತಾ ಕಾಫಿಗೆ ಮೂರು ಚಮಚ ಸಕ್ಕರೆ ಕೇಳಿದರು, ನಾನು ಎರಡು ಹಾಕಿ ಮೂರು ಅಂದೆ. ಹೆದರಿಕೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ."

ಕಳಿಸಿದ ಮೇಲೆ ಕೈ ನಡುಗಿತು. ಇಷ್ಟು ಹೇಳಬಾರದಿತ್ತೇನೋ ಅನ್ನಿಸಿತು. ಒಂದು ಗಂಟೆ ಬಿಟ್ಟು ಉತ್ತರ ಬಂತು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮೂಲೆಯಲ್ಲಿ ನೀನು ಎಲ್ಲಿ ಕೂರುವುದು? ಅಜ್ಜಿಗೆ ಕುರ್ಚಿ, ನಿನಗೆ?" ನೆಲದ ಮೇಲೆ ಅಂದೆ. "ಕೆಳಗೆ ಚಾಪೆ ಹಾಕಿಕೋ, ಸಿಮೆಂಟು ತಂಪು" ಅಂದಳು. ಅವಳು ಆ ರಾತ್ರಿ ಗಂಜಿ ಉಂಡಳು ಎಂದು ತಮ್ಮ ತಿಳಿಸಿದ.

ನನಗೆ ಕಂಡದ್ದು ಇಷ್ಟು. ಅಮ್ಮನಿಗೆ ಬೇಕಿದ್ದದ್ದು ನಾನು ಎಲ್ಲಿ ಕೂತಿದ್ದೇನೆ ಎಂದು ಮನಸ್ಸಿನಲ್ಲಿ ಕಾಣುವಷ್ಟು ವಿವರ. ಮೂಲೆ ಕಂಡ ಕೂಡಲೇ ಅವಳಿಗೆ ಒಂದು ಕೆಲಸ ಸಿಕ್ಕಿತು, ಚಾಪೆ ಹಾಕು ಎಂದು ಹೇಳುವ ಕೆಲಸ. ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗಲೂ "ಆ ಮೂಲೆಗೆ" ಎಂದು ಹೆಸರಿಟ್ಟು ಪ್ರಾರ್ಥನೆ ಮಾಡಿದಳಂತೆ.

ಎಲ್ಲ ಹೇಳಿದೆ ಎಂದಲ್ಲ. ಎಲ್ಲಿ ಬಿತ್ತು, ಯಾವ ರಸ್ತೆ ಎಂಬ ಫೋಟೊ, ವಿಡಿಯೋ ಹಾಕಬಾರದೆಂದು ಇಲ್ಲಿನ ಸೇನೆಯ ಸೆನ್ಸಾರ್ ನಿಯಮ ಇದೆ, ಎದುರಿನವರಿಗೆ ಗುರಿ ತಿದ್ದಿಕೊಳ್ಳಲು ಅದರಿಂದ ಸಹಾಯ ಆಗುತ್ತದೆ. ಅದನ್ನು ಪಾಲಿಸಿದೆ. ಬತ್ ಯಾಮಿನಲ್ಲಿ ಕೆಲಸ ಮಾಡುವ ಬಂಟ್ವಾಳ ಕಡೆಯ ಗೆಳತಿ ಒಬ್ಬಳು ಕುಸಿದ ಕಟ್ಟಡದ ವಿಡಿಯೋ ಒಂದನ್ನು ಮನೆಯವರ ವಾಟ್ಸಾಪಿಗೆ ಕಳಿಸಿದಳು. ಅದು ಊರಿಡೀ ಸುತ್ತಿ, ಶಾಲೆಯ ಆಟೋದಲ್ಲಿ ಅವಳ ಒಂಬತ್ತು ವರ್ಷದ ಮಗನ ಕಣ್ಣಿಗೇ ಬಿತ್ತು. ಅವನು ಅವತ್ತು ಮಾತಾಡಲೇ ಇಲ್ಲ. ವಿಡಿಯೋದಲ್ಲಿ ಅವನ ಅಮ್ಮ ಇರಲಿಲ್ಲ, ಕಟ್ಟಡ ಮಾತ್ರ ಇತ್ತು. ಅಮ್ಮ ಎಲ್ಲಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಿಕ್ಲಾತಿಗೆ ಇಳಿದದ್ದು

ಸೋಮವಾರವೇ ಕಟ್ಟಡದಲ್ಲೂ ಒಂದು ಬದಲಾವಣೆ ಆಯಿತು. ಮೂರನೇ ಮಹಡಿಯಲ್ಲಿ ಇಸ್ಫಹಾನಿನಲ್ಲಿ ಹುಟ್ಟಿದ ಒಬ್ಬ ಹಿರಿಯರಿದ್ದಾರೆ, 1979ರ ಕ್ರಾಂತಿಯ ಹೊತ್ತಿಗೆ ಇರಾನ್ ಬಿಟ್ಟು ಬಂದವರು. ಅವರು ನಮ್ಮ ಬಾಗಿಲು ತಟ್ಟಿ, "ಇನ್ನು ನೀವು ಮೂಲೆಯಲ್ಲಿ ಕೂರುವಂತಿಲ್ಲ" ಅಂದರು. ಇರಾನಿನಿಂದ ಹೊರಟ ಕ್ಷಿಪಣಿ ಇಲ್ಲಿಗೆ ಮುಟ್ಟಲು ಹತ್ತು ನಿಮಿಷದ ಮೇಲೆ ಬೇಕು. ಹಾಗಾಗಿ ಸೈರನ್ನಿಗೆ ಕೆಲವು ನಿಮಿಷ ಮೊದಲೇ ಫೋನಿಗೆ ಮುನ್ಸೂಚನೆ ಬರುತ್ತಿತ್ತು. ಗಾಜಾದ ರಾಕೆಟ್ಟಿಗೆ ಈ ಅನುಕೂಲ ಇರಲಿಲ್ಲ. ಆ ಕೆಲವು ನಿಮಿಷಗಳಲ್ಲಿ ಸಾವ್ತಾ ನಡೆದು ಇಳಿಯಲಾರರು, ಆದರೆ ಅವರನ್ನು ಎತ್ತಿ ಇಳಿಸಬಹುದು. ಕೈ ಇರುವ ಗಟ್ಟಿ ಪ್ಲಾಸ್ಟಿಕ್ ಕುರ್ಚಿ, ಸಾವ್ತಾನ ಹೊಟ್ಟೆಗೆ ಅಡ್ಡವಾಗಿ ಮಡಿಸಿದ ಚಾದರದ ಕಟ್ಟು, ಮುಂದೆ ಇಸ್ಫಹಾನಿನವರು, ಹಿಂದೆ ಎರಡನೇ ಮಹಡಿಯ ಹುಡುಗ, ಪಕ್ಕದಲ್ಲಿ ಟಾರ್ಚ್ ಹಿಡಿದು ನಾನು. ಸಂಜೆ ಬೆಳಕಿನಲ್ಲಿ ಎರಡು ಸಲ ಅಭ್ಯಾಸ ಮಾಡಿದೆವು. 34 ಮೆಟ್ಟಿಲಿಗೆ 1 ನಿಮಿಷ 50 ಸೆಕೆಂಡು.

ಸೈಕಲ್ಲುಗಳು ಹೊರಗೆ ಹೋದವು. ಮುರಿದ ಸೋಫಾ ಒಳಗೇ ಉಳಿಯಿತು, ಅದರ ಮೇಲೆ ನಾಲ್ಕನೇ ಮಹಡಿಯ ಬಾಣಂತಿ ಮಗು ಮಲಗಿಸಿದಳು. ಆಮೇಲೆ ಅವಳೂ ಗಂಡನೂ ರಾತ್ರಿ ಹೊತ್ತು ಹಾಸಿಗೆ ಹೊತ್ತು ಲೈಟ್ ರೈಲಿನ ಕೆಂಪು ಮಾರ್ಗದ ನೆಲದಡಿ ನಿಲ್ದಾಣಕ್ಕೆ ಹೋಗತೊಡಗಿದರು. ಅಲ್ಲಿ ನೂರಾರು ಜನ ಹಾಗೆ ಮಲಗುತ್ತಿದ್ದರು, ಮೇಲೆ ಕೆಳಗೆ ಓಡಾಡುವ ಕಷ್ಟ ಇಲ್ಲ ಎಂದು.

ಇಳಿಸಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಸಾವ್ತಾನ ನೆನಪು ಮಾಸಿದೆ. ಬೆಳಗಿನ ತಿಂಡಿ ಮರೆತು ಹೋಗುತ್ತದೆ, 1991 ನಿನ್ನೆಯಂತೆ ಇದೆ. ಆ ವರ್ಷ ಜನವರಿ 18ರಿಂದ ಸದ್ದಾಂ ಹುಸೇನ್ ಇಸ್ರೇಲಿನ ಮೇಲೆ ಸುಮಾರು 40 ಸ್ಕಡ್ ಕ್ಷಿಪಣಿ ಹಾರಿಸಿದ. ರಾಮತ್ ಗಾನ್ ಹೆಚ್ಚು ಪೆಟ್ಟು ತಿಂದ ಊರುಗಳಲ್ಲಿ ಒಂದು. ವಿಷಾನಿಲ ಬರಬಹುದೆಂದು ಪ್ರತಿಯೊಬ್ಬರಿಗೂ ಗ್ಯಾಸ್ ಮಾಸ್ಕ್ ಹಂಚಿದ್ದರು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ, ಅಂಚಿಗೆ ಅಗಲದ ಟೇಪು, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ. ಕ್ಷಿಪಣಿ ಬರುವಾಗ ರೇಡಿಯೋದಲ್ಲಿ "ನಾಹಾಶ್ ತ್ಸೆಫಾ" ಅನ್ನುತ್ತಿದ್ದರು. ಮಂಡಲದ ಹಾವಿನಂಥ ಒಂದು ವಿಷದ ಹಾವಿನ ಹೆಸರು ಅದು, ಆಗಿನ ಸಂಕೇತ ಪದ. ಬಾಗ್ದಾದಿನಲ್ಲಿ ಹುಟ್ಟಿದ ಹೆಂಗಸಿನ ಮನೆಗೆ ಕ್ಷಿಪಣಿ ಬಂದದ್ದು ಇರಾಕಿನಿಂದಲೇ.

ಮಿಕ್ಲಾತಿನ ಕಬ್ಬಿಣದ ಬಾಗಿಲು ಮುಚ್ಚಿದ ಕೂಡಲೇ ಸಾವ್ತಾ ಕಿರುಚಿದರು: "ಬಿನ್ತಿ, ಮಾಸ್ಕ್ ಎಲ್ಲಿ? ಟವೆಲು ಎಲ್ಲಿ?" ನಾನು ಅಮ್ಮನ ವಿಷಯದಲ್ಲಿ ಅಷ್ಟು ಹೊತ್ತಿಗೆ ಕಲಿತ ಪಾಠವನ್ನೇ ಇಲ್ಲೂ ಬಳಸಲು ಹೋದೆ. ನಿಜ ಹೇಳಿದೆ. "ಸಾವ್ತಾ, ಅದು ಬೇರೆ ಯುದ್ಧ. ಇದರಲ್ಲಿ ಗ್ಯಾಸ್ ಇಲ್ಲ. ಇದು 2025." ಅವರ ಕಣ್ಣು ಇನ್ನೂ ಅಗಲವಾಯಿತು. ತನಗೆ ಗೊತ್ತಿರುವುದನ್ನು ಈ ಹುಡುಗಿ ಇಲ್ಲ ಅನ್ನುತ್ತಾಳೆ, ಇವಳೂ ಸಾಯುತ್ತಾಳೆ ಎಂಬ ಭಯ ಅದು. ವಾಕರ್ ಹಿಡಿದು ಏಳಲು ಹೊರಟರು.

ಇಸ್ಫಹಾನಿನವರು ನನ್ನನ್ನು ಪಕ್ಕಕ್ಕೆ ಸರಿಸಿ ತನ್ನ ಹೆಗಲ ಮೇಲಿದ್ದ ಟವೆಲು ತೆಗೆದರು, ಬಾಟಲಿ ನೀರು ಸುರಿದು ಹಿಂಡಿದರು, ಸಾವ್ತಾನ ಕೈಗೆ ಕೊಟ್ಟರು. "ನೀವೇ ಹೇಳಿ, ಹೇಗೆ ಇಡುವುದು?" ಸಾವ್ತಾ ಅದನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರು, ಹಾವಿನ ಹಾಗೆ ಸುರುಳಿ ಸುತ್ತಿದರು. "ಬಲಗಡೆಯಿಂದ ಒತ್ತಬೇಕು, ನಡುವೆ ಬಿಡಬಾರದು" ಎಂದು ಕೂತಲ್ಲಿಂದಲೇ ಹೇಳಿಕೊಟ್ಟರು. ಇಸ್ಫಹಾನಿನವರು ಬಗ್ಗಿ ಬಾಗಿಲ ಸಂದಿಗೆ ಒತ್ತಿದರು. ಸಾವ್ತಾ ದೀರ್ಘ ಉಸಿರು ಬಿಟ್ಟು ಸುತ್ತ ನೋಡಿದರು. ಆಮೇಲೆ ಕಥೆ ಶುರುವಾಯಿತು.

ಕಥೆ ಅಂದರೆ ಅದೇ ಕಥೆ, ಪ್ರತಿ ರಾತ್ರಿ. ಗಂಡ ಟೇಪು ಹಚ್ಚುವಾಗ ಸ್ಟೂಲಿನಿಂದ ಬಿದ್ದದ್ದು. ಕಿರಿಯ ಮಗಳು ಮಾಸ್ಕ್ ಹಾಕಿಕೊಳ್ಳಲು ಒಪ್ಪದೆ ಅತ್ತದ್ದು. ಒಂದು ರಾತ್ರಿ ಮುಚ್ಚಿದ ಕೋಣೆಯಲ್ಲಿ ಕೂತಾಗ ಒಲೆ ಮೇಲೆ ಅಕ್ಕಿ ಸೀದು, ಆ ವಾಸನೆಯನ್ನು ವಿಷಾನಿಲ ಎಂದು ಎಲ್ಲರೂ ನಂಬಿದ್ದು. ಮೊದಲ ದಿನ ಸುಮ್ಮನೆ ಕೇಳಿದ ಜನ ಎರಡನೇ ದಿನದಿಂದ ತಾವೂ ಸೇರಿಸತೊಡಗಿದರು. ಎರಡನೇ ಮಹಡಿಯ ಹುಡುಗ ತನ್ನ ಅಪ್ಪ 1991ರಲ್ಲಿ ಎಂಟು ವರ್ಷದವನಾಗಿದ್ದು, ಮಾಸ್ಕಿನ ರಟ್ಟಿನ ಡಬ್ಬಿಗೆ ಚಿತ್ರ ಅಂಟಿಸಿಕೊಂಡು ಶಾಲೆಗೆ ಹೋಗುತ್ತಿದ್ದದ್ದು ಹೇಳಿದ. ನೆಲಮಹಡಿಯ ರಷ್ಯನ್ ಮಾತಾಡುವ ಹೆಂಗಸು ಆವರೆಗೆ ಯಾರ ಹತ್ತಿರವೂ ಮಾತಾಡಿದವರಲ್ಲ. 2022ರಲ್ಲಿ ಯುದ್ಧ ಬಂದಾಗ ಉಕ್ರೇನಿನ ಖಾರ್ಕಿವ್ ಬಿಟ್ಟು ಬಂದವರಂತೆ. "ಅಲ್ಲಿ ನಾವು ಮೆಟ್ರೋದಲ್ಲಿ ಮೂರು ವಾರ ಇದ್ದೆವು" ಅಂದರು, ಅಷ್ಟೇ. ಮರುದಿನ ಎಲ್ಲರಿಗೂ ಒಂದು ಥರ್ಮಾಸು ಚಹಾ ತಂದರು.

ಇಸ್ಫಹಾನಿನವರು ತನ್ನ ಕಥೆಯನ್ನು ಕೊನೆಗೆ ಹೇಳಿದರು. ಅವರ ಶಾಲೆಯ ಗೆಳೆಯ ಇನ್ನೂ ಅಲ್ಲೇ ಇದ್ದಾರೆ. ವಾಟ್ಸಾಪಿನಲ್ಲಿ ಇಬ್ಬರೂ ಹಳೆಯ ಹಾಡು ಕಳಿಸಿಕೊಳ್ಳುತ್ತಿದ್ದರು. ಜೂನ್ 18ರ ಹೊತ್ತಿಗೆ ಇರಾನಿನಲ್ಲಿ ಇಂಟರ್ನೆಟ್ ಬಹುಪಾಲು ನಿಂತುಹೋಯಿತು. "ಬದುಕಿದ್ದೀಯಾ?" ಎಂದು ಇವರು ಫಾರ್ಸಿಯಲ್ಲಿ ಕಳಿಸಿದ ಮೆಸೇಜಿಗೆ ಒಂದೇ ಟಿಕ್. ಸೈರನ್ ಮುಗಿಯುವ ತನಕವೂ ಆ ಒಂದು ಟಿಕ್ಕನ್ನು ನೋಡುತ್ತಾ ಕೂರುತ್ತಿದ್ದರು. ಜೂನ್ 22ರಂದು ಅಮೆರಿಕ ಇಸ್ಫಹಾನಿಗೂ ಹೊಡೆದ ಸುದ್ದಿ ಬಂದಾಗ ಮಿಕ್ಲಾತಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಇವರ ಮುಖ ನೋಡಿ ಕೈ ನಿಂತಿತು.

ಸಾವ್ತಾನಿಗೆ ನಿಜ ಹೇಳಬಾರದು, ಅಮ್ಮನಿಗೆ ಹೇಳಬೇಕು ಎಂದು ಇದರಿಂದ ಒಂದು ಸೂತ್ರ ತೆಗೆಯಲು ನನಗೆ ಮನಸ್ಸಿಲ್ಲ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು ನನಗೆ ತೋರುತ್ತದೆ: ತಮ್ಮ ಭಯ ಸುಳ್ಳಲ್ಲ ಎಂದು ಒಬ್ಬರು ಒಪ್ಪಬೇಕು, ಆಮೇಲೆ ಕೈಗೆ ಒಂದು ಕೆಲಸ ಕೊಡಬೇಕು. ಅಲ್ಲಿ ಚಾಪೆ, ಇಲ್ಲಿ ಟವೆಲು.

ಆಂಬಾ

ಜೂನ್ 20, ಎರಡನೇ ಶುಕ್ರವಾರ. ಅದರ ಹಿಂದಿನ ದಿನ ಬೆಳಿಗ್ಗೆ ರಾಮತ್ ಗಾನಿಗೆ ಮತ್ತೆ ಬಿದ್ದಿತ್ತು, ಬೇರ್ ಶೆವಾದ ಸೊರೋಕಾ ಆಸ್ಪತ್ರೆಗೂ ಅದೇ ಬೆಳಿಗ್ಗೆ. ಅಂಗಡಿಗಳು ಅರ್ಧ ತೆರೆದಿದ್ದವು. ಶಬ್ಬಾತ್ ಊಟ ಕೆಳಗೇ ಮಾಡೋಣ ಎಂದು ಯಾರೋ ಅಂದರು. ಮಡಿಸುವ ಮೇಜು ಇಳಿಯಿತು, ಹಲ್ಲಾ ಬ್ರೆಡ್ ಬಂತು, ಬ್ಯಾಟರಿಯ ದೀಪ ಬಂತು. ಮಿಕ್ಲಾತಿನೊಳಗೆ ಬೆಂಕಿ ಹಚ್ಚುವುದು ಬೇಡ ಎಂದು ಮೇಣದ ಬತ್ತಿ ಮೇಲೆಯೇ ಉಳಿಯಿತು. ಸಾವ್ತಾ ಫ್ರಿಜ್ಜಿನಿಂದ ಆಂಬಾ ತರಲು ಹೇಳಿದರು. ಆಂಬಾ ಅಂದರೆ ಹಳದಿ ಬಣ್ಣದ, ಮೆಂತೆ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯ ಗೊಜ್ಜು. ಬದನೆಕಾಯಿ ಹುರಿದು ಬೇಯಿಸಿದ ಮೊಟ್ಟೆ ಇಟ್ಟು ಮಾಡುವ ಸಬೀಖ್ ಎಂಬ ಇಲ್ಲಿನ ತಿಂಡಿಗೆ ಅದು ಬೇಕೇ ಬೇಕು. ಅದು ಬಾಗ್ದಾದಿನ ತಿನಿಸು ಎಂದು ಸಾವ್ತಾ ಎದೆ ತಟ್ಟಿ ಹೇಳುತ್ತಾರೆ. ಬಾಗ್ದಾದಿಗೆ ಅದು ಹೋದದ್ದು ಮುಂಬಯಿಯಲ್ಲಿ ವ್ಯಾಪಾರಕ್ಕಿದ್ದ ಬಾಗ್ದಾದಿ ಯಹೂದಿಗಳಿಂದ ಎಂದು ಹೇಳುತ್ತಾರೆ. ನಮ್ಮ ಕೊಂಕಣಿಯಲ್ಲಿ ಮಾವಿಗೆ ಆಂಬೊ. ನಾನು ಅಮ್ಮ ಕಳಿಸಿದ ಉಪ್ಪಿನಕಾಯಿ ಭರಣಿ ತಂದು ಪಕ್ಕದಲ್ಲಿಟ್ಟೆ. ಸಾವ್ತಾ ಎರಡನ್ನೂ ನಾಲಿಗೆಗೆ ಹಚ್ಚಿ, "ನಿನ್ನ ಅಮ್ಮ ಬಾಗ್ದಾದಿನವಳೇ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಆ ರಾತ್ರಿಯ ವಾಯ್ಸ್ ಮೆಸೇಜಿನಲ್ಲಿ ಕಳಿಸಿದೆ. ಎಂಟು ದಿನಗಳಲ್ಲಿ ಮೊದಲ ಸಲ ಅಮ್ಮ ನಕ್ಕದ್ದು ಕೇಳಿಸಿತು.

ಅದೇ ಊಟದಲ್ಲಿ ಇನ್ನೊಂದು ನಡೆಯಿತು, ಅದನ್ನು ಬಿಟ್ಟು ಈ ಕಥೆ ಹೇಳಲಾರೆ. ಸಾವ್ತಾನ ಮೊಮ್ಮಗ ಮೀಸಲು ಪಡೆಯ ಸೈನಿಕ, ಗಾಜಾದಿಂದ ಎರಡು ದಿನದ ರಜೆಗೆ ಬಂದಿದ್ದ. ಮೊದಲ ಮಹಡಿಯ ವಿದ್ಯಾರ್ಥಿನಿ ಒತ್ತೆಯಾಳುಗಳು ಮರಳಿ ಬರಲಿ ಎಂದು ಹಳದಿ ರಿಬ್ಬನ್ ಕಟ್ಟಿಕೊಳ್ಳುವವಳು. 2023ರ ಅಕ್ಟೋಬರ್ 7ರಂದು ಹಮಾಸ್ ಹೊತ್ತೊಯ್ದ ಒತ್ತೆಯಾಳುಗಳಲ್ಲಿ ಐವತ್ತರಷ್ಟು ಮಂದಿ ಆಗಲೂ ಗಾಜಾದಲ್ಲೇ ಇದ್ದರು, ಅವರಲ್ಲಿ ಹಲವರು ಬದುಕಿರಲಿಲ್ಲ. ಮಾತು ಅಲ್ಲಿಗೆ ಬಂದಾಗ ಅವಳು ಮೆಲ್ಲಗೆ ಹೇಳಿದಳು: "ಗಾಜಾದಲ್ಲಿ ಸೈರನ್ ಸಹ ಇಲ್ಲ. ಅವರಿಗೆ ಇಳಿಯಲು ಮೆಟ್ಟಿಲು ಎಲ್ಲಿದೆ?" ಸುಮಾರು 70 ಕಿಲೋಮೀಟರ್ ದೂರದಲ್ಲಿ ಆ ವಾರವೂ ಜನ ಆಹಾರಕ್ಕೆ ಸಾಲು ನಿಂತಲ್ಲಿ ಸಾಯುತ್ತಿದ್ದರು. ಮೊಮ್ಮಗ ತಟ್ಟೆ ನೋಡುತ್ತಾ ಕೂತ. ಒಬ್ಬರು ಸಿಟ್ಟಾಗಿ ಎದ್ದು ನಿಂತು, ಹೋಗಲು ಜಾಗ ಇಲ್ಲದೆ ಮತ್ತೆ ಕೂತರು. ಇಸ್ರೇಲಿನೊಳಗೂ ಎಲ್ಲರಿಗೂ ಮೆಟ್ಟಿಲಿಲ್ಲ. ಜೂನ್ 14ರ ರಾತ್ರಿ ಗಲಿಲಾಯದ ಅರಬ್ ಪಟ್ಟಣ ತಮ್ರಾದಲ್ಲಿ ಒಂದೇ ಕುಟುಂಬದ ನಾಲ್ವರು ಹೆಂಗಸರು ಸತ್ತರು. ಆ ಊರಿನಲ್ಲಿ ಆಗ ಸಾರ್ವಜನಿಕ ಮಿಕ್ಲಾತ್ ಇರಲಿಲ್ಲ. ನೆಗೆವ್ ಮರುಭೂಮಿಯಲ್ಲಿ ಸರಕಾರ ಮಾನ್ಯ ಮಾಡದ ಬೆದುಯಿನ್ ಹಳ್ಳಿಗಳಲ್ಲಿ ತಗಡಿನ ಮನೆಗಳು. 2024ರ ಏಪ್ರಿಲಿನಲ್ಲಿ ಇರಾನ್ ಮೊದಲ ಸಲ ದಾಳಿ ಮಾಡಿದಾಗ ಇಸ್ರೇಲಿನಲ್ಲಿ ಗಂಭೀರ ಗಾಯವಾದದ್ದು ಅಲ್ಲಿನ ಏಳು ವರ್ಷದ ಒಬ್ಬ ಹುಡುಗಿಗೆ. ಅಮ್ಮನಿಗೆ ಇದನ್ನೂ ಹೇಳಿದೆ. ಅವಳು ಆ ರಾತ್ರಿಯ ತೇರ್ಸಿನಲ್ಲಿ "ಮೂಲೆ ಇಲ್ಲದವರಿಗೆ" ಎಂದು ಸೇರಿಸಿದಳು.

ಬಿಟ್ಟು ಬರುವ ಮಾತು

ಭಾರತ ಸರಕಾರ ಆಪರೇಷನ್ ಸಿಂಧು ಶುರುಮಾಡಿ ಇಸ್ರೇಲಿನಿಂದಲೂ ಜೋರ್ಡಾನ್, ಈಜಿಪ್ಟ್ ಮೂಲಕ ಜನರನ್ನು ಕರೆತರತೊಡಗಿದಾಗ ತಮ್ಮ ಕೇಳಿದ, ಬರುತ್ತೀಯಾ ಎಂದು. ಅಮ್ಮ ಕೇಳಲಿಲ್ಲ. ಅವಳಿಗೆ ಕುರ್ಚಿಯ ವಿಷಯ ಗೊತ್ತಿತ್ತು, ಮುಂದೆ ಯಾರು ಹಿಡಿಯುತ್ತಾರೆ, ಹಿಂದೆ ಯಾರು, ಟಾರ್ಚ್ ಯಾರ ಕೈಯಲ್ಲಿ ಎಂದೂ ಗೊತ್ತಿತ್ತು. "ನೀನು ಬಂದರೆ ಟಾರ್ಚ್ ಯಾರು ಹಿಡಿಯುವುದು?" ಎಂದು ಅವಳೇ ಹೇಳಿದಳು. ಹೇಳಿ ಅತ್ತಳು. ಬಿಟ್ಟು ಹೋದ ಗೆಳತಿಯರನ್ನು ನಾನು ದೂರುವುದಿಲ್ಲ, ಚಿಕ್ಕ ಮಕ್ಕಳಿದ್ದರೆ ನಾನೂ ಹೋಗುತ್ತಿದ್ದೆ.

ಜೂನ್ 24, ಮಂಗಳವಾರ ಬೆಳಿಗ್ಗೆ ಕದನವಿರಾಮ ಬಂತು. ಅದಕ್ಕೆ ಸ್ವಲ್ಪ ಮೊದಲು ಬೇರ್ ಶೆವಾದಲ್ಲಿ ಒಂದು ಕಟ್ಟಡಕ್ಕೆ ಬಿದ್ದು ನಾಲ್ವರು ಸತ್ತರು. ಈ ಹನ್ನೆರಡು ದಿನಗಳಲ್ಲಿ ಇರಾನಿನಲ್ಲಿ ಸತ್ತವರು ಸಾವಿರದಷ್ಟು, ಇಸ್ರೇಲಿನಲ್ಲಿ 28ಕ್ಕೂ ಹೆಚ್ಚು. ಎರಡು ದಿನ ಬಿಟ್ಟು ಇಸ್ಫಹಾನಿನವರ ಫೋನಿನಲ್ಲಿ ಎರಡನೇ ಟಿಕ್ ಬಂತು. ಮೆಟ್ಟಿಲು ಇಳಿದು ಬಂದು ಎಂಟು ಮನೆಗೂ ತೋರಿಸಿದರು.

ಸೈಕಲ್ಲುಗಳು ಮೆಲ್ಲಗೆ ಮಿಕ್ಲಾತಿಗೆ ಮರಳಿದವು. ಸಾವ್ತಾನಿಗೆ ಯುದ್ಧ ನಿಂತದ್ದು ತಲೆಗೆ ಹೋಗಲಿಲ್ಲ. ಸಂಜೆಯಾದರೆ ಟವೆಲು ಒದ್ದೆ ಮಾಡಿಸುತ್ತಾರೆ, ಮೂರು ಮಡಿಕೆ, ಸುರುಳಿ, ಮುಂಬಾಗಿಲ ಸಂದಿಗೆ ಬಲಗಡೆಯಿಂದ. ನಾನು ಬೇಡ ಅನ್ನುವುದಿಲ್ಲ. ಜುಲೈಯಲ್ಲಿ ಒಂದು ರಾತ್ರಿ ಯೆಮನಿನ ಹೂತಿಗಳ ಕ್ಷಿಪಣಿಗೆ ಸೈರನ್ ಕೂಗಿತು. ಹುಡುಗ ಬರಿಗಾಲಿನಲ್ಲೇ ಇಳಿದು ಬಂದ, ಕುರ್ಚಿ ಎತ್ತಿದೆವು. ಬೆಳಿಗ್ಗೆ ಅಮ್ಮನಿಗೆ ವಾಯ್ಸ್ ಮೆಸೇಜ್ ಕಳಿಸಿದೆ: ಒಂದು ಸೈರನ್, ಹದಿನೈದು ನಿಮಿಷ, ಮೊಟ್ಟೆ ತಿಂದೆ.

ಉತ್ತರ ಬಂತು. "ಟವೆಲು ಮೊದಲೇ ಒದ್ದೆ ಇತ್ತಾ?"

ಇತ್ತು ಅಮ್ಮ, ಅಂದೆ.